ಕ್ರಾಸ್ ಸೆಕ್ಷನ್: ಕಪ್ಪುದ್ರವ್ಯದ ಹುಡುಕಾಟದಲ್ಲಿ 10⁻⁴⁸ ಚದರ ಸೆಂಟಿಮೀಟರ್ ಎಂದರೇನು?

ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಮುಚ್ಚಿಹೋದ ಒಂದು ಚಿನ್ನದ ಗಣಿಯಿದೆ. ಅದರೊಳಗೆ, ನೆಲದಿಂದ ಸುಮಾರು 1,480 ಮೀಟರ್ ಆಳದಲ್ಲಿ, 10 ಟನ್ ದ್ರವ ಕ್ಸೆನಾನ್ ತುಂಬಿದ ಪಾತ್ರೆ ಕಪ್ಪುದ್ರವ್ಯದ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಇರವು ತಿಳಿದಿರುವ ದ್ರವ್ಯ) ಕಣವೊಂದು ಬಂದು ಬಡಿಯಲೆಂದು ಕಾಯುತ್ತಿದೆ. ಇದು ಲಕ್ಸ್-ಝೆಪ್ಲಿನ್, ಚಿಕ್ಕದಾಗಿ ಎಲ್‌ಝಡ್ ಪ್ರಯೋಗ. 2024ರಲ್ಲಿ ಈ ತಂಡ ಪ್ರಕಟಿಸಿದ ಫಲಿತಾಂಶದ ತಿರುಳು ಒಂದೇ ಸಂಖ್ಯೆಯಲ್ಲಿದೆ: 40 ಜಿಇವಿ (ಪ್ರೋಟಾನಿನ ಸುಮಾರು 43 ಪಟ್ಟು) ದ್ರವ್ಯರಾಶಿಯ ಕಣಕ್ಕೆ 2.2 × 10⁻⁴⁸ ಚದರ ಸೆಂಟಿಮೀಟರ್. ಸುದ್ದಿಯಲ್ಲಿ ಇದನ್ನು ಓದಿದವರಿಗೆ ಮೊದಲು ಹೊಳೆಯುವ ಅರ್ಥ, 'ಕಣ ಇಷ್ಟು ಚಿಕ್ಕದು' ಎಂದು. ಆ ಅರ್ಥ ತಪ್ಪು. ಇಲ್ಲಿ ಯಾರೂ ಯಾವ ಕಣದ ಗಾತ್ರವನ್ನೂ ಅಳೆದಿಲ್ಲ. ಅದು ಬಡಿತದ ಸಂಭವನೀಯತೆಯನ್ನು ಹೇಳುವ 'ಕ್ರಾಸ್ ಸೆಕ್ಷನ್'ಗೆ ಹಾಕಿದ ಮೇಲ್ಮಿತಿ. ಆ ಸಂಖ್ಯೆಯನ್ನು ಹೇಗೆ ಕಟ್ಟುತ್ತಾರೆ, ಅದರೊಳಗೆ ಎಷ್ಟು ಊಹೆಗಳು ಅಡಗಿ ಕೂತಿವೆ ಎಂಬುದನ್ನು ಇಲ್ಲಿ ಬಿಡಿಸಿ ನೋಡೋಣ.

ಪಠ್ಯಪುಸ್ತಕದ ಕನ್ನಡದಲ್ಲಿ ಕ್ರಾಸ್ ಸೆಕ್ಷನ್ನಿಗೆ 'ಅಡ್ಡಕೊಯ್ತ' ಎನ್ನುತ್ತಾರೆ. ಮರದ ದಿಮ್ಮಿಗೆ, ಕೊಳವೆಗೆ ಆ ಪದ ಸೊಗಸಾಗಿ ಒಪ್ಪುತ್ತದೆ. ಕಣಭೌತಶಾಸ್ತ್ರದಲ್ಲಿ ಏನನ್ನೂ ಕೊಯ್ಯುವುದಿಲ್ಲ, ಹಾಗಾಗಿ ನಾನು ಕ್ರಾಸ್ ಸೆಕ್ಷನ್ ಎಂದೇ ಬರೆಯುತ್ತೇನೆ. ಅದರ ವ್ಯಾಖ್ಯೆ ಒಂದೇ ಸಾಲಿನದು:

ಸೆಕೆಂಡಿಗೆ ನಡೆಯುವ ಘಟನೆಗಳು = ಗುರಿಯಾಗಿರುವ ಕಣಗಳ ಸಂಖ್ಯೆ × ಬರುವ ಕಣಗಳ ಹರಿವು × ಕ್ರಾಸ್ ಸೆಕ್ಷನ್

ಹರಿವು ಎಂದರೆ ಒಂದು ಚದರ ಸೆಂಟಿಮೀಟರನ್ನು ಒಂದು ಸೆಕೆಂಡಿನಲ್ಲಿ ಹಾಯ್ದುಹೋಗುವ ಕಣಗಳು. ಎಡಗಡೆ 'ಪ್ರತಿ ಸೆಕೆಂಡಿಗೆ' ಇದೆ, ಹರಿವಿನಲ್ಲಿ 'ಪ್ರತಿ ಚದರ ಸೆಂ.ಮೀ.ಗೆ, ಪ್ರತಿ ಸೆಕೆಂಡಿಗೆ' ಇದೆ. ಎರಡೂ ಕಡೆ ಮಾನ ಸರಿಹೊಂದಬೇಕಾದರೆ ಮೂರನೆಯದು ಚದರ ಸೆಂ.ಮೀ.ನಲ್ಲೇ ಇರಬೇಕು. ಕ್ರಾಸ್ ಸೆಕ್ಷನ್ನಿಗೆ ವಿಸ್ತೀರ್ಣದ ಮಾನ ಬಂದದ್ದು ಈ ಲೆಕ್ಕದಿಂದ. ಅದರ ಕೆಲಸ ಸಂಭವನೀಯತೆಯನ್ನು ಹೇಳುವುದು.

ಚಿನ್ನದ ಹಾಳೆಯ ಪ್ರಯೋಗವನ್ನೇ ತೆಗೆದುಕೊಳ್ಳಿ. 5.5 ಎಂಇವಿ (ಎಂಇವಿ ಎಂದರೆ ಜಿಇವಿಯ ಸಾವಿರದಲ್ಲೊಂದು) ಶಕ್ತಿಯ ಆಲ್ಫಾ ಕಣಗಳನ್ನು 0.4 ಮೈಕ್ರೋಮೀಟರ್ ದಪ್ಪದ ಚಿನ್ನದ ಹಾಳೆಗೆ ಹೊಡೆದರೆ ಎಷ್ಟು ಕಣಗಳು 90 ಡಿಗ್ರಿಗಿಂತ ಹೆಚ್ಚು ತಿರುಗಿ ಹಿಂದಕ್ಕೆ ಬರುತ್ತವೆ? ನೇರವಾಗಿ ಎದುರು ಹೋದ ಆಲ್ಫಾ ಕಣ ಚಿನ್ನದ ನ್ಯೂಕ್ಲಿಯಸ್ಸಿನಿಂದ ಸುಮಾರು 41 ಫೆಮ್ಟೋಮೀಟರ್ (ಒಂದು ಫೆಮ್ಟೋಮೀಟರ್ ಎಂದರೆ 10⁻¹⁵ ಮೀಟರ್) ದೂರದಲ್ಲಿ ನಿಂತು ವಾಪಸಾಗುತ್ತದೆ. ಅದರ ಅರ್ಧ, 20.7 ಫೆಮ್ಟೋಮೀಟರ್ ಒಳಗಿನ ಗುರಿಯಲ್ಲಿ ಬಂದವೆಲ್ಲ 90 ಡಿಗ್ರಿ ಮೀರಿ ತಿರುಗುತ್ತವೆ. ಆ ತ್ರಿಜ್ಯದ ವೃತ್ತದ ವಿಸ್ತೀರ್ಣ ಸುಮಾರು 1,350 ಚದರ ಫೆಮ್ಟೋಮೀಟರ್, ಅಂದರೆ 13.5 ಬಾರ್ನ್ (ಒಂದು ಬಾರ್ನ್ ಎಂದರೆ 100 ಚದರ ಫೆಮ್ಟೋಮೀಟರ್). ಹಾಳೆಯ ಒಂದು ಚದರ ಸೆಂ.ಮೀ.ನಲ್ಲಿ 2.4 × 10¹⁸ ಚಿನ್ನದ ಪರಮಾಣುಗಳಿವೆ. ಎರಡನ್ನೂ ಗುಣಿಸಿದರೆ 3.2 × 10⁻⁵, ಎಂದರೆ ಸುಮಾರು 31,000 ಕಣಗಳಲ್ಲಿ ಒಂದು.

ಚಿನ್ನದ ನ್ಯೂಕ್ಲಿಯಸ್ಸಿನ ನಿಜವಾದ ತ್ರಿಜ್ಯ ಸುಮಾರು 7 ಫೆಮ್ಟೋಮೀಟರ್. ಅದು ಅಡ್ಡಗಟ್ಟುವ ಜಾಗ 1.5 ಬಾರ್ನ್ ಅಷ್ಟೆ. ನಮಗೆ ಬಂದ ಉತ್ತರ ಅದರ ಒಂಬತ್ತು ಪಟ್ಟು. ವಿದ್ಯುತ್ ವಿಕರ್ಷಣೆ ದೂರದಿಂದಲೇ ಕೆಲಸ ಮಾಡುವುದರಿಂದ ಮುಟ್ಟದೆಯೂ ತಿರುಗಿಸಬಲ್ಲದು. ಇನ್ನೊಂದು ಹೆಜ್ಜೆ ಮುಂದೆ ಹೋಗಿ, 'ಎಷ್ಟೇ ಚೂರು ತಿರುಗಿದರೂ ಎಣಿಸುತ್ತೇನೆ' ಎಂದರೆ ಬರಿಯ ವಿದ್ಯುತ್ ಬಲಕ್ಕೆ ಒಟ್ಟು ಕ್ರಾಸ್ ಸೆಕ್ಷನ್ ಅನಂತವಾಗುತ್ತದೆ. ಹಾಗಾಗಿ ಯಾವ ಕೋನ, ಯಾವ ಶಕ್ತಿ, ಯಾವ ಘಟನೆ ಎಂದು ಹೇಳದೆ ಕೊಟ್ಟ ಕ್ರಾಸ್ ಸೆಕ್ಷನ್ನಿಗೆ ಅರ್ಥವೇ ಇಲ್ಲ.

ಬಾರ್ನ್ ಎಂಬ ಮಾನ ಹುಟ್ಟಿದ್ದು 1942ರಲ್ಲಿ, ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ. 10⁻²⁴ ಚದರ ಸೆಂ.ಮೀ. ಎಂಬುದು ನ್ಯೂಕ್ಲಿಯಸ್ಸಿನ ಮಟ್ಟಿಗೆ ಕೊಟ್ಟಿಗೆಯಷ್ಟು ದೊಡ್ಡದು ಎಂಬ ಭಾವ ಆ ಹೆಸರಿನಲ್ಲಿದೆ. ಯುರೇನಿಯಂ ನ್ಯೂಕ್ಲಿಯಸ್ಸಿನ ಜ್ಯಾಮಿತೀಯ ವಿಸ್ತೀರ್ಣ ಸುಮಾರು 1.7 ಬಾರ್ನ್. ಈಗ ಕ್ಸೆನಾನ್-135 ಐಸೋಟೋಪನ್ನು ನೋಡಿ. ನಿಧಾನಗತಿಯ ನ್ಯೂಟ್ರಾನನ್ನು ನುಂಗುವಲ್ಲಿ ಅದರ ಕ್ರಾಸ್ ಸೆಕ್ಷನ್ ಸುಮಾರು 26 ಲಕ್ಷ ಬಾರ್ನ್! ನ್ಯೂಕ್ಲಿಯಸ್ ಊದಿಕೊಂಡಿರುವುದರಿಂದ ಹೀಗಾಗಿಲ್ಲ. ಕೋಣೆಯ ತಾಪಮಾನದ ನ್ಯೂಟ್ರಾನಿನ ಅಲೆಯುದ್ದ 1.8 ಆಂಗ್‌ಸ್ಟ್ರಾಮ್, ಹೆಚ್ಚುಕಡಿಮೆ ಪರಮಾಣುವಿನಷ್ಟೇ. ಆ ಅಲೆಯ ಹರವೇ ಸುಮಾರು 2.6 ಕೋಟಿ ಬಾರ್ನ್ ಆಗುತ್ತದೆ. ಜೊತೆಗೆ ಕ್ಸೆನಾನ್-135ರ ಒಂದು ಅನುರಣನ (ನುಂಗುವಿಕೆ ತೀವ್ರವಾಗುವ ಶಕ್ತಿಯ ಮಟ್ಟ) ಸರಿಯಾಗಿ ಆ ಶಕ್ತಿಯ ಹತ್ತಿರವೇ ಬಿದ್ದಿದೆ. 1944ರ ಸೆಪ್ಟೆಂಬರಿನಲ್ಲಿ ಹ್ಯಾನ್‌ಫರ್ಡ್‌ನ ಮೊದಲ ದೊಡ್ಡ ರಿಯಾಕ್ಟರ್ ಚಾಲೂ ಆದ ಕೆಲವೇ ಗಂಟೆಗಳಲ್ಲಿ ತಾನಾಗಿ ಕುಂದುತ್ತ ಹೋದದ್ದು ಇದೇ ಐಸೋಟೋಪ್ ಒಳಗೆ ಸೇರಿಕೊಂಡು ನ್ಯೂಟ್ರಾನುಗಳನ್ನು ಕಬಳಿಸಿದ್ದರಿಂದ. ಕಪ್ಪುದ್ರವ್ಯದ ಪ್ರಯೋಗಗಳಲ್ಲಿ ಬಳಸುವ ನೈಸರ್ಗಿಕ ಕ್ಸೆನಾನಿನಲ್ಲಿ ಇದು ಇರುವುದಿಲ್ಲ, ಅದರ ಅರ್ಧಾಯುಷ್ಯ ಒಂಬತ್ತು ಗಂಟೆ ಚಿಲ್ಲರೆ ಮಾತ್ರ. ಒಂದೇ ಧಾತು ಒಂದು ಕಡೆ 10⁻¹⁸ ಚದರ ಸೆಂ.ಮೀ. ದರ್ಜೆಯ ಸಂಖ್ಯೆಗೂ ಇನ್ನೊಂದು ಕಡೆ 10⁻⁴⁸ಕ್ಕೂ ಹೆಸರಾಗಿದೆ ಎಂಬುದು ನನಗೆ ಈ ವಿಷಯದ ಅತ್ಯಂತ ಚೆಂದದ ಸಂಗತಿಗಳಲ್ಲೊಂದು.

ಕಣಗಳನ್ನು ಎದುರುಬದುರು ಓಡಿಸಿ ಗುದ್ದಿಸುವ ಕೊಲೈಡರಿನಲ್ಲಿ ಗುರಿಯೂ ಓಡುತ್ತಿರುತ್ತದೆ. ಆದ್ದರಿಂದ ಗುರಿಗಳ ಸಂಖ್ಯೆ ಮತ್ತು ಹರಿವನ್ನು ಒಟ್ಟುಗೂಡಿಸಿ 'ಲ್ಯುಮಿನಾಸಿಟಿ' ಎನ್ನುತ್ತಾರೆ. ಜಿನೀವಾ ಬಳಿಯ ದೈತ್ಯ ಪ್ರೋಟಾನ್ ಕೊಲೈಡರ್ ಎಲ್‌ಎಚ್‌ಸಿಯಲ್ಲಿ ಅದರ ಉತ್ತುಂಗ ಮೌಲ್ಯ ಚದರ ಸೆಂ.ಮೀ.ಗೆ ಸೆಕೆಂಡಿಗೆ ಸುಮಾರು 2 × 10³⁴. ಎರಡು ಪ್ರೋಟಾನುಗಳು ಗುದ್ದಿ ಒಡೆದುಹೋಗುವ ಕ್ರಾಸ್ ಸೆಕ್ಷನ್ 13 ಟಿಇವಿ (13,000 ಜಿಇವಿ) ಶಕ್ತಿಯಲ್ಲಿ ಸುಮಾರು 80 ಮಿಲಿಬಾರ್ನ್. ಗುಣಿಸಿದರೆ ಸೆಕೆಂಡಿಗೆ 160 ಕೋಟಿ ಗುದ್ದು. ಹಿಗ್ಸ್ ಕಣ ಹುಟ್ಟುವ ಕ್ರಾಸ್ ಸೆಕ್ಷನ್ ಸುಮಾರು 55 ಪಿಕೋಬಾರ್ನ್ (ಪಿಕೋಬಾರ್ನ್ ಎಂದರೆ 10⁻¹² ಬಾರ್ನ್, ಅದರ ಸಾವಿರದಲ್ಲೊಂದು ಫೆಮ್ಟೋಬಾರ್ನ್), ಅಂದರೆ ಸೆಕೆಂಡಿಗೆ ಸುಮಾರು ಒಂದು ಹಿಗ್ಸ್. ಎಲ್‌ಎಚ್‌ಸಿಯ ಎರಡನೆಯ ಓಟದಲ್ಲಿ ಒಂದೊಂದು ದೊಡ್ಡ ಡಿಟೆಕ್ಟರಿಗೂ ಸಿಕ್ಕ ದತ್ತಾಂಶ ಸುಮಾರು 140 'ಇನ್ವರ್ಸ್ ಫೆಮ್ಟೋಬಾರ್ನ್'. ಈ ವಿಚಿತ್ರ ಮಾನಕ್ಕೆ ಹೆದರಬೇಕಿಲ್ಲ. ಫೆಮ್ಟೋಬಾರ್ನಿನಲ್ಲಿರುವ ಕ್ರಾಸ್ ಸೆಕ್ಷನ್ನಿನಿಂದ ಗುಣಿಸಿದರೆ ಘಟನೆಗಳ ಸಂಖ್ಯೆ ಬರುತ್ತದೆ: 55,000 × 140 = 77 ಲಕ್ಷ ಹಿಗ್ಸ್. ಅವುಗಳಲ್ಲಿ ಎರಡು ಫೋಟಾನುಗಳಾಗಿ ಒಡೆಯುವುದು 0.23 ಶೇಕಡ, ಸುಮಾರು 17,500. ಡಿಟೆಕ್ಟರ್ ಹಿಡಿಯುವುದು ಅದಕ್ಕಿಂತಲೂ ಕಡಿಮೆ. ಪ್ರಕಟವಾದ ಕ್ರಾಸ್ ಸೆಕ್ಷನ್ ಓದುವಾಗ ಈ ಶೇಕಡಾವಾರನ್ನು ಆಗಲೇ ಗುಣಿಸಿದ್ದಾರೋ ಇಲ್ಲವೋ ನೋಡಿಕೊಳ್ಳಿ. ಹೋಲಿಕೆಗಳು ನೂರು ಪಟ್ಟು ತಪ್ಪುವುದು ಬಹುತೇಕ ಇಲ್ಲೇ.

ಇನ್ನು ಕಪ್ಪುದ್ರವ್ಯ. ಇಲ್ಲಿ 'ಕ್ರಾಸ್ ಸೆಕ್ಷನ್' ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ವಸ್ತುಗಳು ಓಡಾಡುತ್ತವೆ, ಗೊಂದಲಕ್ಕೆ ಮೂಲವೇ ಅದು. ಎರಡು ಕಪ್ಪುದ್ರವ್ಯದ ಕಣಗಳು ಒಂದನ್ನೊಂದು ಅಳಿಸಿಹಾಕಿ ಸಾಮಾನ್ಯ ಕಣಗಳಾಗುವುದು ಒಂದು. ಆರಂಭದ ಬಿಸಿ ವಿಶ್ವದಲ್ಲಿ ಈ ಅಳಿಕೆ ಎಷ್ಟು ಜೋರಾಗಿತ್ತೋ ಇಂದು ಉಳಿದಿರುವ ಕಪ್ಪುದ್ರವ್ಯ ಅಷ್ಟು ಕಡಿಮೆ. ಇಂದು ಅಳೆದಿರುವ ಪ್ರಮಾಣ ಉಳಿಯಬೇಕಾದರೆ ಕ್ರಾಸ್ ಸೆಕ್ಷನ್ ಮತ್ತು ವೇಗದ ಗುಣಲಬ್ಧ ಸೆಕೆಂಡಿಗೆ 2ರಿಂದ 3 × 10⁻²⁶ ಘನ ಸೆಂ.ಮೀ. ಇರಬೇಕು. ಬೆಳಕಿನ ವೇಗದಿಂದ ಭಾಗಿಸಿದರೆ ಇದು ಹತ್ತಿರಹತ್ತಿರ ಒಂದು ಪಿಕೋಬಾರ್ನ್, ದುರ್ಬಲ ಬಲದ ಪ್ರಕ್ರಿಯೆಗಳ ದರ್ಜೆಯದು. ಭಾರವಾದ, ದುರ್ಬಲವಾಗಿ ವರ್ತಿಸುವ 'ವಿಂಪ್' ಕಣಗಳ ಮೇಲೆ ದಶಕಗಳ ಕಾಲ ಎಲ್ಲರೂ ಭರವಸೆ ಇಟ್ಟದ್ದಕ್ಕೆ ಇದೇ ಕಾರಣ. ಆದರೆ ಈ ಪಿಕೋಬಾರ್ನ್ ಅಳಿಕೆಯದು. ಕ್ಸೆನಾನ್ ಪ್ರಯೋಗಗಳು ಹುಡುಕುವುದು ಎರಡನೆಯ ಬಗೆಯನ್ನು, ಅಂದರೆ ಕಣ ನ್ಯೂಕ್ಲಿಯಸ್ಸಿಗೆ ಬಡಿದು ಚಿಮ್ಮುವ ಕ್ರಾಸ್ ಸೆಕ್ಷನ್ನನ್ನು. ಒಂದು ಗೊತ್ತಿದ್ದರೆ ಇನ್ನೊಂದು ತಾನಾಗಿ ಸಿಗುವುದಿಲ್ಲ, ನಡುವೆ ಒಂದು ಸಿದ್ಧಾಂತ ಬೇಕು. '10⁻⁴⁸ರವರೆಗೆ ಹೋದರೂ ಸಿಗಲಿಲ್ಲ, ಆದ್ದರಿಂದ ಪಿಕೋಬಾರ್ನಿನ ವಿಂಪ್ ಸತ್ತಿತು' ಎಂಬ ವಾದ ಈ ಎರಡನ್ನೂ ಒಂದೇ ಎಂದು ಬಗೆಯುತ್ತದೆ.

ಮೂರನೆಯದು ಕಪ್ಪುದ್ರವ್ಯ ತನ್ನೊಳಗೇ ಗುದ್ದಿಕೊಳ್ಳುವುದು. ಬುಲೆಟ್ ಕ್ಲಸ್ಟರ್‌ನಂಥ, ಒಂದರೊಳಗೊಂದು ಹಾಯ್ದುಹೋದ ಗೆಲಾಕ್ಸಿ ಗುಚ್ಛಗಳಿಂದ ಬಂದಿರುವ ಮಿತಿ ಗ್ರಾಮಿಗೆ ಸುಮಾರು 1 ಚದರ ಸೆಂ.ಮೀ. ಕಣಗಳ ಭಾಷೆಗೆ ತಂದರೆ ಪ್ರತಿ ಜಿಇವಿಗೆ 1.8 ಬಾರ್ನ್! ನಮ್ಮ ಪಾಲಿಗೆ 10⁻⁴⁸ ಆಗಿರಬಹುದಾದ ಕಣಗಳು ತಮ್ಮತಮ್ಮಲ್ಲಿ ನ್ಯೂಟ್ರಾನುಗಳಷ್ಟೇ ಜೋರಾಗಿ ಬಡಿದಾಡುತ್ತಿದ್ದರೂ ಅದನ್ನು ಅಲ್ಲಗಳೆಯಲು ಸದ್ಯಕ್ಕೆ ಆಗುತ್ತಿಲ್ಲ.

ಈಗ ಕ್ಸೆನಾನ್ ಪಾತ್ರೆಗೆ ಮರಳಿ ಲೆಕ್ಕ ಹಾಕೋಣ. ಕಣದ ದ್ರವ್ಯರಾಶಿ 100 ಜಿಇವಿ ಎಂದಿಟ್ಟುಕೊಳ್ಳಿ. ನಮ್ಮ ಸುತ್ತಲಿನ ಕಪ್ಪುದ್ರವ್ಯದ ಸಾಂದ್ರತೆ ಘನ ಸೆಂ.ಮೀ.ಗೆ 0.3 ಜಿಇವಿ ಎಂಬುದು ಎಲ್ಲ ಪ್ರಯೋಗಗಳೂ ಒಪ್ಪಿಕೊಂಡು ಬಳಸುವ ಮೌಲ್ಯ. ಹಾಗಾದರೆ ಘನ ಸೆಂ.ಮೀ.ಗೆ 0.003 ಕಣ. ವೇಗ ಸೆಕೆಂಡಿಗೆ 220 ಕಿ.ಮೀ. ಎಂದರೆ ಒಂದು ಚದರ ಸೆಂ.ಮೀ.ನಲ್ಲಿ ಪ್ರತಿ ಸೆಕೆಂಡಿಗೆ 66,000 ಕಣಗಳು ಹಾಯ್ದುಹೋಗುತ್ತವೆ. ಒಂದು ಟನ್ ಕ್ಸೆನಾನಿನಲ್ಲಿ 4.6 × 10²⁷ ಪರಮಾಣುಗಳು. ಹರಿವಿಗೂ ಬರವಿಲ್ಲ, ಗುರಿಗೂ ಬರವಿಲ್ಲ.

ಉಳಿದದ್ದು ಕ್ರಾಸ್ ಸೆಕ್ಷನ್. ಪ್ರಕಟಣೆಯಲ್ಲಿ ಬರುವ ಸಂಖ್ಯೆ ಕ್ಸೆನಾನಿನದ್ದಲ್ಲ, ಒಂದು ಪ್ರೋಟಾನ್ ಅಥವಾ ನ್ಯೂಟ್ರಾನಿನದ್ದು. ಬೇರೆ ಬೇರೆ ಧಾತು ಬಳಸುವವರು ಒಂದೇ ಚಿತ್ರದಲ್ಲಿ ತಮ್ಮ ಗೆರೆ ಎಳೆಯಬೇಕಲ್ಲ, ಅದಕ್ಕೆ ಈ ಏರ್ಪಾಡು. ಅದರಿಂದ ಕ್ಸೆನಾನಿಗೆ ಹೋಗಲು ಎರಡು ಗುಣಾಕಾರ ಬೇಕು. ನಿಧಾನವಾಗಿ ಬರುವ ಕಣಕ್ಕೆ ನ್ಯೂಕ್ಲಿಯಸ್ಸಿನ 131 ನ್ಯೂಕ್ಲಿಯಾನುಗಳೂ (ಪ್ರೋಟಾನು, ನ್ಯೂಟ್ರಾನುಗಳೆಲ್ಲ) ಒಟ್ಟಾಗಿ ಕಾಣುತ್ತವೆ. ಅವುಗಳಿಂದ ಚಿಮ್ಮುವ ಅಲೆಗಳು ಒಂದರ ಮೇಲೊಂದು ಕೂಡುವುದರಿಂದ ಹೆಚ್ಚಳ 131 ಪಟ್ಟಲ್ಲ, 131ರ ವರ್ಗ, ಅಂದರೆ 17,161 ಪಟ್ಟು. ಎರಡನೆಯದು ರೆಡ್ಯೂಸ್ಡ್ ಮಾಸ್‌ಗಳ ಅನುಪಾತದ ವರ್ಗ (ರೆಡ್ಯೂಸ್ಡ್ ಮಾಸ್ ಎಂದರೆ ಎರಡು ದ್ರವ್ಯರಾಶಿಗಳ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿದ್ದು). 100 ಜಿಇವಿ ಕಣ ಮತ್ತು 122 ಜಿಇವಿಯ ಕ್ಸೆನಾನ್ ಸೇರಿದರೆ 55 ಜಿಇವಿ, ಅದೇ ಕಣ ಪ್ರೋಟಾನಿನೊಡನೆ ಸೇರಿದರೆ 0.93. ಅನುಪಾತ 59, ವರ್ಗ 3,500. ಒಟ್ಟು ಹೆಚ್ಚಳ 6 ಕೋಟಿ ಪಟ್ಟು. ಪ್ರೋಟಾನಿಗೆ 10⁻⁴⁷ ಎಂದಿದ್ದರೆ ಕ್ಸೆನಾನಿಗೆ 6 × 10⁻⁴⁰.

ಮೂರನ್ನೂ ಗುಣಿಸಿದರೆ ಟನ್ನಿಗೆ ವರ್ಷಕ್ಕೆ 5.7 ಘಟನೆ. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ಅಂಥ ಕಣವೊಂದು ದ್ರವ ಕ್ಸೆನಾನಿನಲ್ಲಿ ಒಮ್ಮೆ ಬಡಿಯುವ ಮುನ್ನ ಸರಾಸರಿ 1.25 ಲಕ್ಷ ಕೋಟಿ ಕಿ.ಮೀ. ಸಾಗಿರುತ್ತದೆ.

ಆದರೆ 5.7 ಎಂಬುದು ಕೈಗೆ ಸಿಗುವ ಸಂಖ್ಯೆಯಲ್ಲ. ಬಡಿತದಲ್ಲಿ ಕ್ಸೆನಾನ್ ನ್ಯೂಕ್ಲಿಯಸ್ಸಿಗೆ ಸಿಗುವ ಶಕ್ತಿ ಈ ವೇಗದಲ್ಲಿ ಹೆಚ್ಚೆಂದರೆ 27 ಕೆಇವಿ (ಕೆಇವಿ ಎಂದರೆ ಎಂಇವಿಯ ಸಾವಿರದಲ್ಲೊಂದು). ಆಗ ವರ್ಗಾವಣೆಯಾಗುವ ಸಂವೇಗಕ್ಕೆ ತಕ್ಕ ಅಲೆಯ ಅಳತೆ 2.4 ಫೆಮ್ಟೋಮೀಟರಿಗೆ ಇಳಿದಿರುತ್ತದೆ, ಕ್ಸೆನಾನ್ ನ್ಯೂಕ್ಲಿಯಸ್ಸಿನ ತ್ರಿಜ್ಯವೋ 6 ಫೆಮ್ಟೋಮೀಟರ್. ಅಲೆಗಳು ಕೂಡುವ ಬದಲು ಒಂದನ್ನೊಂದು ಕಡಿಯತೊಡಗುತ್ತವೆ. ಇದನ್ನು 'ಫಾರ್ಮ್ ಫ್ಯಾಕ್ಟರ್' ಎಂದು ಗುಣಿಸಿ ಸರಿಪಡಿಸುತ್ತಾರೆ. ತಳಗಡೆ ಇನ್ನೊಂದು ಕತ್ತರಿ: ಸುಮಾರು 5 ಕೆಇವಿಗಿಂತ ಕಡಿಮೆ ಶಕ್ತಿಯ ಬಡಿತಗಳ ಬೆಳಕು ಬಹುಪಾಲು ಎಣಿಕೆಗೇ ಸಿಗದು. ವೇಗಗಳ ಹರವನ್ನೂ ಸೇರಿಸಿಕೊಂಡು ನೋಡಿದರೆ 100 ಜಿಇವಿಗೆ ಅಂದಾಜು ಕಾಲುಭಾಗ ಉಳಿಯುತ್ತದೆ, ಟನ್ನಿಗೆ ವರ್ಷಕ್ಕೆ 1.4. ಹೊಸದಾಗಿ ಲೆಕ್ಕ ಹಾಕುವವರು ಎಡವುವುದು ಈ ಹೆಜ್ಜೆಯಲ್ಲಿ. 131ರ ವರ್ಗವನ್ನು ಉತ್ಸಾಹದಿಂದ ಗುಣಿಸುತ್ತಾರೆ, ಫಾರ್ಮ್ ಫ್ಯಾಕ್ಟರನ್ನು ಮರೆಯುತ್ತಾರೆ.

ಏನೂ ಕಾಣದಿದ್ದರೆ ಮಿತಿ ಹೇಗೆ ಹೇಳುವುದು? ನಿರೀಕ್ಷೆ 2.3 ಘಟನೆಗಳಿದ್ದಾಗ ಒಂದೂ ಕಾಣದಿರುವ ಸಾಧ್ಯತೆ 10 ಶೇಕಡ. ಆದ್ದರಿಂದ 2.3ಕ್ಕಿಂತ ಹೆಚ್ಚು ಘಟನೆ ಕೊಡಬೇಕಿದ್ದ ಕ್ರಾಸ್ ಸೆಕ್ಷನ್ನುಗಳನ್ನೆಲ್ಲ '90 ಶೇಕಡ ಭರವಸೆಯಿಂದ' ತಳ್ಳಿಹಾಕುತ್ತಾರೆ. ಎಲ್‌ಝಡ್‌ನ 2024ರ ಫಲಿತಾಂಶದ ಹಿಂದಿನ ಒಟ್ಟು ದತ್ತಾಂಶ 4.2 ಟನ್-ವರ್ಷ (ಕ್ಸೆನಾನಿನ ಟನ್ನುಗಳು × ನೋಡಿದ ವರ್ಷಗಳು). 10⁻⁴⁷ ಆಗಿದ್ದರೆ ನಿರೀಕ್ಷೆ 1.4 × 4.2, ಸುಮಾರು 6. ಆಗ ಮಿತಿ 2.3ನ್ನು 6ರಿಂದ ಭಾಗಿಸಿ 10⁻⁴⁷ರಿಂದ ಗುಣಿಸಿದ್ದು, ಅಂದರೆ ಸುಮಾರು 4 × 10⁻⁴⁸. 40 ಜಿಇವಿಯಲ್ಲಿ ಅವರು ಕೊಟ್ಟ 2.2 × 10⁻⁴⁸ಕ್ಕೆ ಇದು ಎಷ್ಟು ಹತ್ತಿರ ನೋಡಿ! ಹಗುರ ಕಣಕ್ಕೆ ಸಂಖ್ಯಾಸಾಂದ್ರತೆ ಹೆಚ್ಚು, ಫಾರ್ಮ್ ಫ್ಯಾಕ್ಟರಿನ ಪೆಟ್ಟೂ ಕಡಿಮೆ, ಹಾಗಾಗಿ ಅಲ್ಲಿ ಮಿತಿ ಇನ್ನೂ ಕೆಳಗಿದೆ. ನಿಜವಾದ ವಿಶ್ಲೇಷಣೆ ಇಷ್ಟು ಸರಳವಲ್ಲ. ಅಲ್ಲಿ ಪಾತ್ರೆ ಖಾಲಿ ಇರುವುದಿಲ್ಲ, ಹಿನ್ನೆಲೆ ಘಟನೆಗಳ ರಾಶಿಯ ನಡುವೆ ಸಂಕೇತದ ಆಕಾರವನ್ನು ಅಂಕಿಅಂಶದಿಂದ ಹುಡುಕಬೇಕು. ಆದರೂ ಕಾಗದದ ಮೇಲಿನ ಈ ಲೆಕ್ಕ ಎರಡು ಪಟ್ಟಿನೊಳಗೆ ಸರಿಹೋಗಬೇಕು. ಹೋಗದಿದ್ದರೆ ಎಲ್ಲೋ ಮಾನ ಬದಲಿಸುವಾಗ ತಪ್ಪಿದ್ದೀರಿ ಎಂದೇ ತಿಳಿಯಿರಿ.

ಮಿತಿಯ ಗೆರೆಗೆ ಓರೆಯಾಗಿರುವ ಬಟ್ಟಲಿನಂಥ ಆಕಾರ ಬರುವುದೂ ಇದೇ ಲೆಕ್ಕದಿಂದ. ಬಲಗಡೆ, ಭಾರದ ಕಣಗಳಲ್ಲಿ, ಗೆರೆ ಮೆಲ್ಲಗೆ ಏರುತ್ತದೆ. ಸಾಂದ್ರತೆ 0.3 ಜಿಇವಿ ಎಂದು ಗೊತ್ತುಪಡಿಸಿರುವಾಗ ಕಣ ಹತ್ತು ಪಟ್ಟು ಭಾರವಾದರೆ ಸಂಖ್ಯೆ ಹತ್ತನೇ ಒಂದಾಗುತ್ತದೆ. ಎಡಗಡೆ ಗೆರೆ ಗೋಡೆಯಂತೆ ಎದ್ದು ನಿಲ್ಲುತ್ತದೆ. 5 ಜಿಇವಿಯ ಕಣ ಕ್ಸೆನಾನಿಗೆ ಬಡಿದರೆ ಸಾಮಾನ್ಯ ವೇಗದಲ್ಲಿ ಕೊಡುವುದು 0.2 ಕೆಇವಿ. ಗೆಲಾಕ್ಸಿಯಿಂದ ತಪ್ಪಿಸಿಕೊಂಡು ಹೋಗುವ ಅಂಚಿನ ವೇಗದಲ್ಲಿ ಬಂದರೂ 2.5 ಕೆಇವಿ ಆಸುಪಾಸು. ಇಲ್ಲಿ ಪ್ರಯೋಗದ ದೊಡ್ಡತನ ಉಪಯೋಗಕ್ಕೆ ಬರುವುದಿಲ್ಲ, ಹಗುರ ನ್ಯೂಕ್ಲಿಯಸ್ ಮತ್ತು ಕೆಳಗಿನ ಮಿತಿಶಕ್ತಿ ಬೇಕು. ಗೆರೆಯ ಮೇಲಿನ ಜಾಗವೆಲ್ಲ ತಳ್ಳಿಹಾಕಲ್ಪಟ್ಟಿದೆ ಎಂಬುದೂ ಪೂರ್ತಿ ನಿಜವಲ್ಲ. ಕ್ರಾಸ್ ಸೆಕ್ಷನ್ ತೀರಾ ದೊಡ್ಡದಾದರೆ ಮೇಲಿನ ಒಂದೂವರೆ ಕಿ.ಮೀ. ಬಂಡೆಯಲ್ಲೇ ಕಣ ಶಕ್ತಿ ಕಳೆದುಕೊಂಡು ಬಿಡುತ್ತದೆ, ಡಿಟೆಕ್ಟರಿಗೆ ತಲುಪುವುದೇ ಇಲ್ಲ. ಅಲ್ಲದೆ ಪ್ರೋಟಾನಿಗೆ 2 × 10⁻³² ದಾಟಿದರೆ ಆರು ಕೋಟಿಯ ಗುಣಾಕಾರ ಕ್ಸೆನಾನ್ ನ್ಯೂಕ್ಲಿಯಸ್ಸಿನ ಜ್ಯಾಮಿತೀಯ ವಿಸ್ತೀರ್ಣವನ್ನೇ ಮೀರುತ್ತದೆ. ಅಲ್ಲಿ ಆ ಸೂತ್ರವನ್ನು ನಂಬಬಾರದು.

ಕಣಗಳ ಸ್ಪಿನ್ (ಗಿರಕಿಯಂಥ ಸಹಜ ಗುಣ) ಅವಲಂಬಿಸಿದ ಬಲಕ್ಕೆ ಎಳೆದ ಗೆರೆಗಳನ್ನು ಇದರ ಪಕ್ಕ ಇಟ್ಟು ಹೋಲಿಸುವುದು ಇನ್ನೊಂದು ತಪ್ಪು. ಸ್ಪಿನ್ನಿಗೆ ಅಂಟುವ ಬಲವಾದರೆ ನ್ಯೂಕ್ಲಿಯಾನುಗಳು ಜೋಡಿಜೋಡಿಯಾಗಿ ಒಂದನ್ನೊಂದು ರದ್ದುಮಾಡಿಕೊಂಡು ಒಂಟಿಯಾಗಿ ಉಳಿದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ, 17,161ರ ಲಾಭ ಮಾಯವಾಗುತ್ತದೆ. ಕ್ಸೆನಾನಿನಲ್ಲಿ 129 ಮತ್ತು 131 ಐಸೋಟೋಪುಗಳಿಗೆ ಒಂಟಿ ನ್ಯೂಟ್ರಾನ್ ಇದೆ, ಒಂಟಿ ಪ್ರೋಟಾನಿಗೆ ಫ್ಲೋರಿನ್ ಬಳಸುವ ಪೀಕೋದಂಥ ಪ್ರಯೋಗಗಳು ಬೇಕು. ಅಲ್ಲಿ ಮಿತಿ 10⁻⁴¹ರ ದರ್ಜೆಯಲ್ಲಿದ್ದರೆ ಪ್ರಯೋಗ ಕಳಪೆ ಎಂದಲ್ಲ, ಪ್ರಶ್ನೆಯೇ ಬೇರೆ.

ಡಿಟೆಕ್ಟರಿನೊಳಗೆ ಕೆಡುವ ಸಂಗತಿಗಳಲ್ಲಿ ಮೊದಲ ಹೆಸರು ರೇಡಾನ್. ಪಾತ್ರೆ, ಕೇಬಲ್, ವಾಲ್ವ್‌ಗಳಿಂದ ಸೋರುವ ರೇಡಾನ್-222 ಕ್ಸೆನಾನಿನಲ್ಲಿ ಬೆರೆತು ಎಲ್ಲೆಡೆ ಹರಡುತ್ತದೆ, ಅದರ ಸಂತತಿಯಾದ ಸೀಸ-214 ಹೊರಹಾಕುವ ಎಲೆಕ್ಟ್ರಾನುಗಳು ಕಡಿಮೆ ಶಕ್ತಿಯಲ್ಲಿ ಮಿಂಚುತ್ತವೆ. ಇವುಗಳನ್ನು ಬೇರ್ಪಡಿಸುವುದು ಎರಡು ಮಿಂಚುಗಳ ಅನುಪಾತದಿಂದ: ಬಡಿದ ಜಾಗದ ತಕ್ಷಣದ ಬೆಳಕು ಮೊದಲನೆಯದು, ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ವಿದ್ಯುತ್ ಕ್ಷೇತ್ರ ಮೇಲಕ್ಕೆಳೆದು ಅನಿಲದಲ್ಲಿ ಹೊಳೆಯಿಸುವುದು ಎರಡನೆಯದು. ನ್ಯೂಕ್ಲಿಯಸ್ ಚಿಮ್ಮಿದಾಗ ಎರಡನೆಯ ಮಿಂಚು ಮೊದಲನೆಯದಕ್ಕೆ ಹೋಲಿಸಿದರೆ ಸಣ್ಣದು. ನ್ಯೂಟ್ರಾನ್ ಬಂದರೆ ಈ ಉಪಾಯ ಕೈಕೊಡುತ್ತದೆ, ಅದೂ ನ್ಯೂಕ್ಲಿಯಸ್ಸಿಗೇ ಬಡಿಯುತ್ತದೆ. ಅದು ಹಲವು ಕಡೆ ಬಡಿಯುವ ಸ್ವಭಾವದಿಂದಲೂ ಹೊರಗಿನ ಗ್ಯಾಡೊಲಿನಿಯಂ ಬೆರೆಸಿದ ದ್ರವದಲ್ಲಿ ಸಿಕ್ಕಿಬೀಳುವುದರಿಂದಲೂ ಗುರುತು ಸಿಗುತ್ತದೆ. ಗ್ಯಾಡೊಲಿನಿಯಂ-157ರ ನ್ಯೂಟ್ರಾನ್ ನುಂಗುವ ಕ್ರಾಸ್ ಸೆಕ್ಷನ್ ಎರಡೂವರೆ ಲಕ್ಷ ಬಾರ್ನ್. 10⁻⁴⁸ನ್ನು ಹುಡುಕಲು 10⁻¹⁹ರ ನೆರವು.

ತಡೆಯಲು ಯಾವ ಗೋಡೆಯೂ ಸಾಲದ ಹಿನ್ನೆಲೆ ಒಂದಿದೆ, ನ್ಯೂಟ್ರಿನೋ. ಸೂರ್ಯನ ಬೋರಾನ್-8ರಿಂದ ಬರುವ ನ್ಯೂಟ್ರಿನೋಗಳು ಕ್ಸೆನಾನ್ ನ್ಯೂಕ್ಲಿಯಸ್ಸಿನ ಮೇಲೆ ಇದೇ ರೀತಿ ಒಟ್ಟಾಗಿ ಬಡಿಯುತ್ತವೆ, ಈ ಬಾರಿ ಹೆಚ್ಚಳ ನ್ಯೂಟ್ರಾನುಗಳ ಸಂಖ್ಯೆಯ ವರ್ಗದಷ್ಟು. ಆ ಬಡಿತ 6 ಜಿಇವಿ ಆಸುಪಾಸಿನ ಕಪ್ಪುದ್ರವ್ಯದ ಕಣ ಕೊಡುವ ಪೆಟ್ಟಿನಂತೆಯೇ ಕಾಣುತ್ತದೆ. 2024ರಲ್ಲಿ ಇಟಲಿಯ ಗ್ರಾನ್ ಸಾಸೋದ ಕ್ಸೆನಾನ್-ಎನ್‌ಟಿ 2.73 ಸಿಗ್ಮಾ (ಸಿಗ್ಮಾ ಎಂದರೆ ಫಲಿತಾಂಶ ಬರಿಯ ಆಕಸ್ಮಿಕವಲ್ಲ ಎಂಬುದರ ಅಳತೆ), ಚೀನಾದ ಜಿನ್‌ಪಿಂಗ್‌ನ ಪಾಂಡಾಎಕ್ಸ್-4ಟಿ 2.64 ಸಿಗ್ಮಾ ಮಟ್ಟದಲ್ಲಿ ಇದರ ಸುಳಿವು ಕಂಡವು. ಒಂದು ಬಡಿತವನ್ನು ನೋಡಿ ಅದು ಸೂರ್ಯನದೋ ಗೆಲಾಕ್ಸಿಯದೋ ಹೇಳಲಾಗದು. ಸಾಕಷ್ಟು ಬಡಿತಗಳು ಸೇರಿದ ಮೇಲೆ ಕ್ಯಾಲೆಂಡರ್ ನೋಡಬಹುದು: ಭೂಮಿ ಸೂರ್ಯನಿಗೆ ತೀರಾ ಹತ್ತಿರ ಬರುವ ಜನವರಿ ಆರಂಭದಲ್ಲಿ ಸೌರ ನ್ಯೂಟ್ರಿನೋಗಳ ಹರಿವು ಸರಾಸರಿಗಿಂತ ಸುಮಾರು 3.3 ಶೇಕಡ ಹೆಚ್ಚಿರುತ್ತದೆ, ಗೆಲಾಕ್ಸಿಯಲ್ಲಿ ಸಾಗುವ ನಮಗೆ ಎದುರಾಗುವ ಕಪ್ಪುದ್ರವ್ಯದ 'ಗಾಳಿ' ಜೋರಾಗುವುದು ಜೂನ್ ಆರಂಭದಲ್ಲಿ.